ವರ್ತನಾಸಮಸ್ಯೆಯುಳ್ಳ ಕಿಶೋರರ ಅಂಗಸಾಧನೆ ಮತ್ತು ಸಾಮಾಜಿಕ ಕೌಶಲ

ಹನ್ನೊಂದರಿಂದ ಹತ್ತೊಂಬತ್ತರವರೆಗಿನ ವಯೋಮಾನದಲ್ಲಿ, ಮನೆ, ಶಾಲೆ, ನೆರೆಹೊರೆಗಳ ಕಟ್ಟಳೆಗಳಿಗೆ ಪದೇ ಪದೇ ವಿರುದ್ಧವಾಗಿ ನಡೆದು ತಮಗೂ ತಮ್ಮ ಸುತ್ತಲಿನವರಿಗೂ ಕ್ಲೇಶವನ್ನುಂಟುಮಾಡುವ ಹುಡುಗ ಹುಡುಗಿಯರಿಗೆ, ಆಟ, ವ್ಯಾಯಾಮ, ಕುಣಿತವೇ ಮೊದಲಾದ ಶಾರೀರಿಕ ವ್ಯಾಪಾರಗಳ ಮೂಲಕ ಇತರರೊಡನೆ ಹೊಂದಿ ಬಾಳುವ ಬಗೆಯನ್ನು ಕಲಿಸುವ ಪ್ರಯತ್ನಗಳು, ಮನಶ್ಶಾಸ್ತ್ರ, ಶಿಕ್ಷಣಶಾಸ್ತ್ರ ಮತ್ತು ದೈಹಿಕ ಶಿಕ್ಷಣಗಳು ಒಂದುಗೂಡುವ ಅಧ್ಯಯನಕ್ಷೇತ್ರವಾಗಿ ಕಳೆದ ಅರ್ಧ ಶತಮಾನದಲ್ಲಿ ರೂಪುಗೊಂಡಿವೆ. ಮೈಯನ್ನು ದಣಿಸಿದರೆ ಪುಂಡತನವೂ ದಣಿಯುವುದೆಂಬ ನಂಬಿಕೆ ಬಹು ಹಳೆಯದು. ಊರ ಹಿರಿಯರಲ್ಲಿಯೂ ಉಪಾಧ್ಯಾಯರಲ್ಲಿಯೂ ಇಂದಿಗೂ ಪ್ರಬಲವಾದುದು. ಆದರೆ ಈವರೆಗೆ ದೊರೆತಿರುವ ಸಾಕ್ಷ್ಯವನ್ನು ಒಟ್ಟಾಗಿ ಪರಿಶೀಲಿಸಿದಾಗ, ದಣಿವಿಗಿಂತಲೂ ಹೆಚ್ಚಾಗಿ, ದಣಿಯುವ ಹೊತ್ತಿನಲ್ಲಿ ಪಾಲಿಸಬೇಕಾದ ನಿಯಮ, ವಹಿಸಿಕೊಳ್ಳಬೇಕಾದ ಹೊಣೆ ಮತ್ತು ಬಳಿಯಲ್ಲಿ ನಿಂತು ನಡೆಸುವ ಹಿರಿಯನ ಶೀಲ, ಈ ಮೂರರಿಂದಲೇ ನಡತೆ ತಿದ್ದಿಕೊಳ್ಳುವುದೆಂಬುದು ವಿಶದವಾಗುತ್ತದೆ. ಈ ಮೂರೂ ಕೆಟ್ಟಲ್ಲಿ ಆಟದ ಬಯಲೇ ಪುಂಡತನದ ಪಾಠಶಾಲೆಯಾಗುವುದೂ ಉಂಟು. ವಿಷಯದ ಸಾಮಾನ್ಯ ನಿರೂಪಣೆಯೊಡನೆ, ಹಿಂದಿನ ಕೋಲಾರ ಜಿಲ್ಲೆಗೆ ಸೇರಿದ್ದು 2007ರಿಂದೀಚೆಗೆ ಚಿಕ್ಕಬಳ್ಳಾಪುರ ಜಿಲ್ಲೆಯ ಭಾಗವಾಗಿರುವ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ ಮತ್ತು ಶಿಡ್ಲಘಟ್ಟ ತಾಲೂಕುಗಳ ಪರಿಸ್ಥಿತಿಯನ್ನು ಇಲ್ಲಿ ನಿದರ್ಶನವಾಗಿ ತೆಗೆದುಕೊಳ್ಳಲಾಗಿದೆ.

ವರ್ತನಾಸಮಸ್ಯೆಯ ಸ್ವರೂಪ

ಕಿಶೋರಾವಸ್ಥೆಯಲ್ಲಿ ಎದುರು ಮಾತನಾಡುವುದು, ಹಿರಿಯರ ಅಪ್ಪಣೆಯನ್ನು ಮೀರಿ ನೋಡುವುದು, ಗೆಳೆಯರ ಗುಂಪನ್ನು ಮನೆಗಿಂತ ಹೆಚ್ಚಾಗಿ ಹಚ್ಚಿಕೊಳ್ಳುವುದು ಇವೆಲ್ಲ ಬೆಳವಣಿಗೆಯ ಸಹಜ ಲಕ್ಷಣಗಳೇ ಆಗಿರುವುದರಿಂದ, ಇವುಗಳಲ್ಲಿ ಯಾವುದನ್ನು ಸಮಸ್ಯೆಯೆಂದು ಎಣಿಸಬೇಕೆಂಬುದರಲ್ಲಿ ಎಚ್ಚರಿಕೆ ಅವಶ್ಯ. ವಿರೋಧದ ವರ್ತನೆಯು ತಿಂಗಳುಗಟ್ಟಲೆ ಬಿಡದೆ ಮುಂದುವರಿದು, ಓದಿಗೂ ಸ್ನೇಹಕ್ಕೂ ಮನೆಯ ನೆಮ್ಮದಿಗೂ ಭಂಗ ತಂದಾಗ ಮಾತ್ರ ವೈದ್ಯರು ಅದನ್ನು ದೋಷವೆಂದು ಗಣಿಸುತ್ತಾರೆ. ಸದಾ ಸಿಡುಕಿ ಹಿರಿಯರನ್ನು ಧಿಕ್ಕರಿಸುವ ವಿರೋಧಪ್ರವೃತ್ತಿ; ಹೊಡೆದಾಟ, ಕಳವು, ಸುಳ್ಳು, ಶಾಲೆ ತಪ್ಪಿಸುವಿಕೆ, ಪ್ರಾಣಿಹಿಂಸೆ ಮುಂತಾದುವುಗಳಿಂದ ಇತರರ ಹಕ್ಕಿಗೆ ಘಾತ ತರುವ ದುರ್ನಡತೆ; ಒಂದೆಡೆ ನಿಲ್ಲಲಾರದ, ಗಮನವನ್ನು ಹಿಡಿದಿಡಲಾರದ ಅತಿಚಟುವಟಿಕೆ, ಹೀಗೆ ಸ್ಥೂಲವಾಗಿ ಮೂರು ಬಗೆಗಳನ್ನು ಹೇಳುವುದು ವಾಡಿಕೆ. ಒಬ್ಬನಲ್ಲಿಯೇ ಮೂರೂ ಕೂಡಿಬರುವುದು ಅಪರೂಪವಲ್ಲ.

ಅಮೆರಿಕದ ಮನಶ್ಶಾಸ್ತ್ರಜ್ಞೆ ಟೆರ್ರಿ ಮೊಫಿಟ್ 1993ರಲ್ಲಿ ಮಾಡಿದ ವಿಭಾಗ ಈ ಶಾಸ್ತ್ರದಲ್ಲಿ ಬಹುಮಾನ್ಯವಾಗಿದೆ. ಎಳೆಯ ವಯಸ್ಸಿನಲ್ಲಿಯೇ ಕಾಣಿಸಿಕೊಂಡು ಬಾಳಿನುದ್ದಕ್ಕೂ ಬೆನ್ನು ಬಿಡದ ಪುಂಡತನ ಕೆಲವೇ ಮಂದಿಯದು. ಹದಿಹರೆಯದಲ್ಲಿ ತಲೆಯೆತ್ತಿ ಯೌವನ ಬಲಿಯುತ್ತಲೇ ಅಡಗುವುದು ಬಹುಮಂದಿಯದು. ಈ ಎರಡನೆಯ ಬಗೆಯವರಲ್ಲಿ ದುರ್ನಡತೆಯು ಬಹುಮಟ್ಟಿಗೆ ಸಹವಾಸದಿಂದ ಬರತಕ್ಕದ್ದಾದುದರಿಂದ, ಸಹವಾಸವನ್ನು ಕ್ರಮಪಡಿಸುವ ಉಪಾಯಗಳು ಅವರಲ್ಲಿ ಫಲಕಾರಿಯಾಗುವ ಸಂಭವ ಹೆಚ್ಚು. ಬೆಂಗಳೂರಿನ ನಗರ, ಕೊಳಚೆ ಪ್ರದೇಶ ಹಾಗೂ ಗ್ರಾಮಾಂತರಗಳಲ್ಲಿ ನಿಮ್ಹಾನ್ಸ್ ಮಾನಸಿಕ ಆರೋಗ್ಯ ಸಂಸ್ಥೆಯ ಶೋಭಾ ಶ್ರೀನಾಥ್ ಮತ್ತು ಸಂಗಡಿಗರು ಹದಿನಾರು ವರ್ಷದೊಳಗಿನ 2,064 ಮಕ್ಕಳನ್ನು ಪರೀಕ್ಷಿಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಶೇ. 12.5ರಷ್ಟು ಮಕ್ಕಳಲ್ಲಿ ಒಂದಲ್ಲ ಒಂದು ಮಾನಸಿಕ ಅಥವಾ ವರ್ತನಾದೋಷ ಕಂಡುಬಂದಿತು. ಇವರಲ್ಲಿ ಎಲ್ಲರೂ ಪುಂಡರಲ್ಲ. ಆದರೆ ತರಗತಿಯೊಂದರಲ್ಲಿ ನಾಲ್ಕೈದು ಮಕ್ಕಳಿಗಾದರೂ ನೆರವು ಬೇಕಾಗಿರುವುದೆಂಬ ಉಪಾಧ್ಯಾಯರ ಅನುಭವಕ್ಕೆ ಈ ಸಂಖ್ಯೆ ಪುಷ್ಟಿ ಕೊಡುತ್ತದೆ. ಶಾಲೆಗಳಲ್ಲಿ ಇಂಥವರನ್ನು ಗುರುತಿಸಲು, ರಾಬರ್ಟ್ ಗುಡ್‌ಮನ್ 1997ರಲ್ಲಿ ರಚಿಸಿದ ಇಪ್ಪತ್ತೈದು ಅಂಶಗಳ ಪ್ರಶ್ನಾವಳಿ ಜಗತ್ತಿನಾದ್ಯಂತ ಬಳಕೆಯಲ್ಲಿದೆ. ಮಗುವಿನ ತೊಂದರೆಗಳ ಜೊತೆಗೆ ಹಂಚಿಕೊಳ್ಳುವುದು, ನೆರವಾಗುವುದು ಮುಂತಾದ ಸದ್ಗುಣಗಳನ್ನೂ ಅದು ಕೇಳುವುದು ಅದರ ವಿಶೇಷ.

ಸಾಮಾಜಿಕ ಕೌಶಲ

ಎದುರಿನವನ ಮುಖಭಾವವನ್ನು ಗುರುತಿಸುವುದು, ತನ್ನ ಸರದಿಗಾಗಿ ಕಾಯುವುದು, ಬೇಕಾದುದನ್ನು ಕಸಿಯದೆ ಕೇಳುವುದು, ಬೇಡವೆಂಬುದನ್ನು ಜಗಳವಿಲ್ಲದೆ ಹೇಳುವುದು, ಸೋತಾಗ ಸೈರಿಸುವುದು, ಗೆದ್ದಾಗ ಹೀಯಾಳಿಸದಿರುವುದು, ತಪ್ಪನ್ನು ಒಪ್ಪಿಕೊಳ್ಳುವುದು ಇತ್ಯಾದಿ ಕಲಿತು ರೂಢಿಸಿಕೊಳ್ಳಬೇಕಾದ ನಡವಳಿಕೆಗಳನ್ನು ಒಟ್ಟಾಗಿ ಸಾಮಾಜಿಕ ಕೌಶಲಗಳೆಂದು ಕರೆಯಲಾಗುತ್ತದೆ. ಇವುಗಳ ಕೊರತೆ ಎರಡು ತೆರನಾಗಿರುತ್ತದೆ. ಕೆಲವರಿಗೆ ಆ ನಡವಳಿಕೆ ಗೊತ್ತೇ ಇರುವುದಿಲ್ಲ, ಏಕೆಂದರೆ ಮನೆಯಲ್ಲಿ ಅದನ್ನು ಕಂಡವರಲ್ಲ. ಇನ್ನು ಕೆಲವರಿಗೆ ಗೊತ್ತಿದ್ದರೂ ಕೋಪ ನೆತ್ತಿಗೇರಿದ ಕ್ಷಣದಲ್ಲಿ ಅದು ನೆರವಿಗೆ ಬಾರದು. ಮೊದಲನೆಯವರಿಗೆ ಹೇಳಿ ತೋರಿಸಿ ಕಲಿಸಿದರೆ ಸಾಕು. ಎರಡನೆಯವರಿಗೆ ಮಾತಿನ ಪಾಠ ಸಾಲದು. ಎದೆ ಬಡಿದುಕೊಳ್ಳುತ್ತಿರುವಾಗ, ಉಸಿರು ಏರಿರುವಾಗ, ಎದುರಾಳಿ ಕಣ್ಣೆದುರಿಗಿರುವಾಗಲೇ ತನ್ನನ್ನು ತಾನು ಹಿಡಿದುಕೊಳ್ಳುವ ಅಭ್ಯಾಸ ಅವರಿಗೆ ಬೇಕು. ತರಗತಿಯ ಬೆಂಚಿನ ಮೇಲೆ ಅಂಥ ಸನ್ನಿವೇಶವನ್ನು ಸೃಷ್ಟಿಸಲಾಗದು. ಆಟದಲ್ಲಾದರೋ ಅದು ನಿಮಿಷಕ್ಕೊಮ್ಮೆ ತಾನಾಗಿಯೇ ಒದಗಿಬರುತ್ತದೆ. ಈ ಕ್ಷೇತ್ರದಲ್ಲಿ ಅಂಗಸಾಧನೆಗೆ ಪ್ರಾಮುಖ್ಯ ದೊರೆತಿರುವುದು ಈ ಕಾರಣದಿಂದ.

ನಾಲ್ಕು ತಾಲೂಕುಗಳ ಪರಿಸ್ಥಿತಿ

ಹನ್ನೆರಡು ತಿಂಗಳೂ ನೀರು ಹರಿಯುವ ಹೊಳೆಯಿಲ್ಲದೆ ಕೆರೆಗಳನ್ನೂ ಕೊಳವೆಬಾವಿಗಳನ್ನೂ ನಂಬಿರುವ ಈ ಸೀಮೆಯಲ್ಲಿ ರೇಷ್ಮೆ, ತರಕಾರಿ, ಹೈನುಗಾರಿಕೆಗಳೇ ಮನೆ ನಡೆಸುವ ಆಧಾರಗಳು. ರಾಮನಗರದಂತೆಯೇ ಶಿಡ್ಲಘಟ್ಟವೂ ರೇಷ್ಮೆಗೂಡಿನ ಮಾರುಕಟ್ಟೆಗೆ ಹೆಸರಾದ ಊರು. ಅಲ್ಲಿನ ಓಣಿಗಳಲ್ಲಿ ಚರಕ, ಕಾಟೇಜ್ ಬೇಸಿನ್, ಫಿಲೇಚರುಗಳ ಬಿಸಿನೀರಿನ ಹಬೆಯೊಳಗೆ ಗೂಡಿನಿಂದ ನೂಲು ಬಿಚ್ಚುವ ಕೆಲಸ ಬೆಳಗಿನಿಂದಲೇ ನಡೆಯುತ್ತಿರುತ್ತದೆ. ಸುತ್ತಣ ಹಳ್ಳಿಗಳಲ್ಲಿ ಹುಳು ಸಾಕುವ ಮನೆಯ ಮಕ್ಕಳ ದಿನಚರಿಯು ಹುಳು ಪೊರೆ ಕಳಚುವ ‘ಜ್ವರ’ಗಳನ್ನೇ ಅನುಸರಿಸುವುದುಂಟು: ಕೊನೆಯ ಜ್ವರ ಎದ್ದ ಮೇಲೆ ಹಗಲಿರುಳೂ ಹಿಪ್ಪುನೇರಳೆ ಸೊಪ್ಪು ಹಾಕಬೇಕು, ಹುಳು ಹಣ್ಣಾದ ದಿನ ಮನೆಮಂದಿಯೆಲ್ಲ ಕೂಡಿ ಆರಿಸಿ ಗೂಡು ಕಟ್ಟುವ ಚಂದ್ರಿಕೆಗೆ ಬಿಡಬೇಕು, ಆ ದಿನಗಳಲ್ಲಿ ಹೈಸ್ಕೂಲು ಹುಡುಗನಿಗೆ ಶಾಲೆಯೂ ಎರಡನೆಯ ಮಾತು, ಆಟವಂತೂ ಮೂರನೆಯದು. ಚಿಂತಾಮಣಿಯ ತರಕಾರಿ ವ್ಯಾಪಾರವೂ, ಗೌರಿಬಿದನೂರಿನ ಸಿದ್ಧ ಉಡುಪಿನ ಕಾರ್ಖಾನೆಗಳೂ, ಬೆಂಗಳೂರಿಗೆ ಬೆಳಗ್ಗೆ ಹೋಗಿ ರಾತ್ರಿ ಬರುವ ಚಿಕ್ಕಬಳ್ಳಾಪುರದ ದುಡಿಮೆಗಾರರೂ ಈ ಚಿತ್ರದ ಇತರ ಅಂಗಗಳು. ತಂದೆತಾಯಿಗಳಿಬ್ಬರೂ ಮನೆಯಲ್ಲಿಲ್ಲದ ಸಂಜೆಗಳು ಹೆಚ್ಚಿದಂತೆ, ಹುಡುಗರ ಸಂಜೆಯನ್ನು ಆಳುವವರಾರೆಂಬ ಪ್ರಶ್ನೆಯೂ ಬಲಿಯುತ್ತದೆ.

ಇಲ್ಲಿ ಗಮನಿಸಬೇಕಾದುದೊಂದುಂಟು. ವಿಶ್ವ ಆರೋಗ್ಯ ಸಂಸ್ಥೆಯು 2020ರ ಮಾರ್ಗಸೂಚಿಯಲ್ಲಿ ಐದರಿಂದ ಹದಿನೇಳು ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷಗಳ ಮಧ್ಯಮ ಅಥವಾ ತೀವ್ರ ಶ್ರಮವನ್ನು ವಿಧಿಸಿದೆ. 2016ರ ಅಂಕಿಗಳನ್ನು ಆಧರಿಸಿದ ಆ ಸಂಸ್ಥೆಯ ಪರಿಶೀಲನೆಯಂತೆ ಜಗತ್ತಿನ ಶಾಲಾಕಿಶೋರರಲ್ಲಿ ಶೇ. 81ರಷ್ಟು ಮಂದಿ ಈ ಮಟ್ಟವನ್ನು ಮುಟ್ಟುವುದಿಲ್ಲ. ಆದರೆ ಸೊಪ್ಪಿನ ಹೊರೆ ಹೊತ್ತು ತರುವ, ಹಸು ಕಟ್ಟಿ ಹಾಲು ಕರೆದು ಡೇರಿಗೆ ಹಾಕಿ ಬರುವ ಹುಡುಗನಿಗೆ ಶ್ರಮದ ಕೊರತೆಯಿದೆಯೆಂದು ಹೇಳಲಾಗದು. ಅವನಿಗಿರುವ ಕೊರತೆ ಸಮವಯಸ್ಕರೊಡನೆ ಸರಿಸಮನಾಗಿ ನಿಂತು ಮಾಡುವ ಶ್ರಮದ್ದು. ಮನೆಗೆಲಸದಲ್ಲಿ ಅಪ್ಪಣೆ ಮೇಲಿನಿಂದ ಬರುತ್ತದೆ. ಆಟದಲ್ಲಿ ಒಡಂಬಡಿಕೆ ತಮ್ಮತಮ್ಮೊಳಗೆ ಆಗಬೇಕು. ಮೈ ಗಟ್ಟಿಮುಟ್ಟಾಗಿದ್ದೂ ಮಾತುಕತೆಯಲ್ಲಿ ಮುಗ್ಗರಿಸುವ ಹುಡುಗರು ಈ ಸೀಮೆಯ ಪ್ರೌಢಶಾಲೆಗಳಲ್ಲಿ ಕಾಣಸಿಗುವುದಕ್ಕೆ ಇದೂ ಒಂದು ಕಾರಣವಾಗಿರಬಹುದು. ಹದಿನಾಲ್ಕು ತುಂಬದವರನ್ನು ದುಡಿಮೆಗಿಡುವುದನ್ನು 2016ರ ತಿದ್ದುಪಡಿ ಕಾಯಿದೆ ನಿಷೇಧಿಸಿದ್ದರೂ, ಅಪಾಯಕಾರಿಯಲ್ಲದ ಮನೆತನದ ಕಸುಬಿನಲ್ಲಿ ಶಾಲೆಯ ಹೊತ್ತು ಮೀರಿ ನೆರವಾಗುವುದಕ್ಕೆ ಅದು ಎಡೆಗೊಟ್ಟಿದೆ. ಆಟದ ಸಂಜೆ ಕರಗುವುದು ಬಹುಮಟ್ಟಿಗೆ ಈ ಎಡೆಯಲ್ಲಿಯೇ.

ಭಾಷೆಯ ಮಾತೂ ಇಲ್ಲಿ ಪ್ರಸಕ್ತ. ಈ ಗಡಿಸೀಮೆಯ ಅನೇಕ ಮನೆಗಳಲ್ಲಿ ತೆಲುಗು, ಶಿಡ್ಲಘಟ್ಟ ಚಿಂತಾಮಣಿಗಳ ಹಲವು ಕೇರಿಗಳಲ್ಲಿ ಉರ್ದು, ಶಾಲೆಯಲ್ಲಿ ಕನ್ನಡ. ಪಾಠದ ಭಾಷೆಯಲ್ಲಿ ತಡವರಿಸುವ ಹುಡುಗನು ತರಗತಿಯಲ್ಲಿ ಮೂಕನಾಗಿಯೋ ತಂಟೆಕೋರನಾಗಿಯೋ ಕಂಡು, ಬಯಲಿಗೆ ಬಂದೊಡನೆ ಮೂರು ನುಡಿಗಳನ್ನೂ ಬೆರೆಸಿ ತನ್ನ ಪಂಗಡವನ್ನು ನಡೆಸುವುದನ್ನು ಕಂಡವರುಂಟು. ಅಂಥವನ ಕೌಶಲವನ್ನು ಅಳೆಯಬೇಕಾದ ಸ್ಥಳ ಯಾವುದೆಂಬುದು ಇದರಿಂದ ತಿಳಿಯುತ್ತದೆ.

ಹಿಂದಿನ ಪರಂಪರೆ

ಹುಡುಗರ ದೇಹಬಲವನ್ನು ಶೀಲಕ್ಕೆ ಕಟ್ಟಿಹಾಕುವ ಯತ್ನ ಈ ನಾಡಿಗೆ ಹೊಸದಲ್ಲ. ಹಳೆಯ ಮೈಸೂರು ಸೀಮೆಯ ಗರಡಿಮನೆಯಲ್ಲಿ ಹನುಮಂತನಿಗೆ ನಮಸ್ಕರಿಸಿ ಮಟ್ಟಿಗಿಳಿಯುವುದು, ಹಿರಿಯ ಪೈಲ್ವಾನನ ಮೈಗೆ ಎಣ್ಣೆ ತಿಕ್ಕುವುದು, ಮಟ್ಟಿಯನ್ನು ಸರದಿಯಂತೆ ಅಗೆದು ಹದಗೊಳಿಸುವುದು, ಎದುರಾಳಿಯ ಕೈ ಮುಟ್ಟಿ ಕುಸ್ತಿಗೆ ತೊಡಗುವುದು ಎಂಬ ವಿಧಿಗಳೆಲ್ಲವೂ ದಂಡ ಬಸ್ಕಿಗಳಷ್ಟೇ ಕಡ್ಡಾಯವಾಗಿದ್ದುವು. ಉಸ್ತಾದನ ಕಣ್ಣೆದುರಿಗೆ ಬಲವಂತನಾದವನು ಬೀದಿಯಲ್ಲಿ ಕೈಮಾಡಿದರೆ ಗರಡಿಗೆ ಅಪಕೀರ್ತಿಯೆಂಬ ಭಾವನೆ ಅಂಕುಶದಂತೆ ಕೆಲಸ ಮಾಡುತ್ತಿತ್ತು. ಆದರೂ ಈ ಸಂಸ್ಥೆಗೆ ಮಿತಿಗಳಿದ್ದುವು: ಹುಡುಗಿಯರಿಗೆ ಅಲ್ಲಿ ಪ್ರವೇಶವಿರಲಿಲ್ಲ, ಕೆಲವು ಕಡೆಗಳಲ್ಲಿ ಜಾತಿಯ ಕಟ್ಟೂ ಇತ್ತು, ಗರಡಿ ಗರಡಿಗಳ ನಡುವಣ ಸ್ಪರ್ಧೆ ಕಾಳಗವಾಗಿ ಪರಿಣಮಿಸುವುದೂ ಇತ್ತು.

1920ರಲ್ಲಿ ಹ್ಯಾರಿ ಕ್ರೋ ಬಕ್ ಮದರಾಸಿನಲ್ಲಿ ಆರಂಭಿಸಿದ ವೈ.ಎಂ.ಸಿ.ಎ. ದೈಹಿಕ ಶಿಕ್ಷಣ ಶಾಲೆಯಿಂದ ಕ್ರಮಬದ್ಧ ತರಬೇತಿಯ ಉಪಾಧ್ಯಾಯವರ್ಗವೊಂದು ದಕ್ಷಿಣಭಾರತದಲ್ಲಿ ತಲೆಯೆತ್ತಿತು. ಡಾ. ನಾ. ಸು. ಹರ್ಡೀಕರರು 1923ರಲ್ಲಿ ಕಟ್ಟಿದ ಹಿಂದುಸ್ತಾನಿ ಸೇವಾದಳವು ಕವಾಯತು ಮತ್ತು ಸೇವೆಗಳನ್ನು ಒಂದುಗೂಡಿಸಿತು. ಅದರ ಪರಂಪರೆಯ ಭಾರತ ಸೇವಾದಳವೂ, ಸ್ಕೌಟು ಮತ್ತು ಗೈಡುಗಳ ದಳಗಳೂ, ಎನ್.ಸಿ.ಸಿ.ಯೂ ಕರ್ನಾಟಕದ ಪ್ರೌಢಶಾಲೆಗಳಲ್ಲಿ ಇಂದಿಗೂ ನಡೆಯುತ್ತಿವೆ. ಇವುಗಳ ವೈಶಿಷ್ಟ್ಯವೆಂದರೆ ಸಣ್ಣ ತಂಡದಲ್ಲಿ ಪ್ರತಿಯೊಬ್ಬನಿಗೂ ಒಂದು ಹೆಸರುಳ್ಳ ಹೊಣೆ ದೊರೆಯುವುದು.

ಆಟ ವ್ಯಾಯಾಮಗಳಿಗೆ ಹೊರತಾಗಿ, ಈ ಸೀಮೆಯ ಕೋಲಾಟ, ಚೆಕ್ಕಭಜನೆ ಮತ್ತು ತಮಟೆಗಳನ್ನು ಇಲ್ಲಿ ಮರೆಯುವಂತಿಲ್ಲ. ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿಯ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಪ್ರಶಸ್ತಿ ಸಂದುದು, ಬಹುಕಾಲ ಕೀಳಾಗಿ ಕಾಣಲ್ಪಟ್ಟ ಒಂದು ಕಸುಬಿಗೆ ಸಂದ ಗೌರವವೂ ಆಯಿತು. ತಮಟೆಯ ತಂಡದಲ್ಲಿ ಬಡಿತವೂ ಹೆಜ್ಜೆಯೂ ಬೇರೆಬೇರೆಯಲ್ಲ. ಮುಂದಾಳು ಗತ್ತು ಬದಲಿಸಿದ ಕ್ಷಣದಲ್ಲಿ ಉಳಿದವರು ಅವನ ಭುಜವನ್ನು ನೋಡಿ ಬದಲಿಸಬೇಕು. ಯಾವನೊಬ್ಬನು ಮೆರೆಯಲು ಹೊರಟರೂ ಮೇಳ ಕೆಡುತ್ತದೆ. ಸೋಲು ಗೆಲುವುಗಳಿಲ್ಲದ ಈ ಬಗೆಯ ಸಾಮೂಹಿಕ ಚಲನೆಯು, ಸ್ಪರ್ಧೆಯಲ್ಲಿ ಕೆರಳುವ ಮಕ್ಕಳಿಗೆ ಮೊದಲ ಮೆಟ್ಟಿಲಾಗಬಲ್ಲುದು.

ಆಟದ ರಚನೆಯೊಳಗಣ ಪಾಠ

ಸಾಮಾಜಿಕ ಕೌಶಲವನ್ನು ಆಟ ಹೇಗೆ ಕಲಿಸುತ್ತದೆಂಬುದನ್ನು ತಿಳಿಯಲು, ಹಳ್ಳಿಯ ಶಾಲೆಗೂ ಎಟುಕುವ, ಸಾಮಗ್ರಿಯ ಖರ್ಚಿಲ್ಲದ ಖೋ ಖೋ ಆಟವನ್ನು ಹತ್ತಿರದಿಂದ ನೋಡಬಹುದು. ಬೆನ್ನಟ್ಟುವ ಪಂಗಡದ ಎಂಟು ಮಂದಿ ನಡುಪಟ್ಟಿಯಲ್ಲಿ ಒಬ್ಬರ ಬಿಟ್ಟು ಒಬ್ಬರಂತೆ ಎದುರುದಿಕ್ಕಿಗೆ ಮುಖ ಮಾಡಿ ಕುಕ್ಕುರುಗಾಲಿನಲ್ಲಿ ಕುಳಿತಿರುತ್ತಾರೆ, ಒಂಬತ್ತನೆಯವನು ಓಡುತ್ತಾನೆ. ಓಡುವವನು ತೊಡಗಿದ ದಿಕ್ಕನ್ನು ಕಂಬ ಮುಟ್ಟುವವರೆಗೆ ಬದಲಿಸುವಂತಿಲ್ಲ, ನಡುಪಟ್ಟಿಯನ್ನು ದಾಟುವಂತಿಲ್ಲ. ಎದುರಾಳಿ ಪಟ್ಟಿಯ ಆಚೆಗೆ ನುಸುಳಿದರೆ ಅವನನ್ನು ಹಿಡಿಯಲು ತನ್ನಿಂದಾಗದು. ಆ ಕಡೆಗೆ ಮುಖ ಮಾಡಿ ಕುಳಿತಿರುವ ಸಂಗಡಿಗನ ಬೆನ್ನು ತಟ್ಟಿ ಖೋ ಎಂದು ಅವನಿಗೆ ಓಟವನ್ನು ಒಪ್ಪಿಸಿ ತಾನು ಅವನ ಜಾಗದಲ್ಲಿ ಕುಳಿತುಬಿಡಬೇಕು. ಕುಳಿತವನಾದರೋ, ಎದುರಾಳಿ ಮೊಳದಂತರದಲ್ಲಿ ಹಾದುಹೋದರೂ, ಬೆನ್ನ ಮೇಲೆ ಕೈ ಬೀಳುವವರೆಗೆ ಏಳುವಂತಿಲ್ಲ, ಎದ್ದರೆ ಫೌಲು. ಅತಿಚಟುವಟಿಕೆಯ ಹುಡುಗನಿಗೆ ತರಗತಿಯಲ್ಲಿ ಸುಮ್ಮನೆ ಕುಳಿತುಕೋ ಎಂದು ಸಾವಿರ ಸಲ ಹೇಳಿದರೂ ಸಾಧ್ಯವಾಗದ ನಿಗ್ರಹ ಇಲ್ಲಿ ಆಟದ ಒಳನಿಯಮವಾಗಿಯೇ ಬರುತ್ತದೆ, ಮತ್ತು ಆ ನಿಗ್ರಹಕ್ಕೆ ಕೂಡಲೇ ಫಲವೂ ಸಿಗುತ್ತದೆ. ತಾನೇ ಹಿಡಿಯಬೇಕೆಂಬ ಆಸೆಯನ್ನು ಬಿಟ್ಟುಕೊಟ್ಟು ಇನ್ನೊಬ್ಬನಿಗೆ ಒಪ್ಪಿಸುವ ಅಭ್ಯಾಸವೂ ಪ್ರತಿ ಹತ್ತಿಪ್ಪತ್ತು ಕ್ಷಣಗಳಿಗೊಮ್ಮೆ ಆಗುತ್ತಿರುತ್ತದೆ.

ಕಬಡ್ಡಿಯ ಪಾಠ ಬೇರೊಂದು ಬಗೆಯದು. ಏಳು ಮಂದಿಯ ಎದುರಿಗೆ ಒಬ್ಬನೇ ಹೋಗಿ, ಉಸಿರು ಬಿಡದೆ ಮಂತ್ರ ನುಡಿಯುತ್ತ, ಮೂವತ್ತು ಸೆಕೆಂಡುಗಳೊಳಗೆ ಮರಳಿಬರಬೇಕಾದ ದಾಳಿಗಾರನಿಗೆ ಕೋಪ ಬಂದರೆ ಉಸಿರು ಕಟ್ಟುತ್ತದೆ. ಉಸಿರು ಕಟ್ಟಿದರೆ ಔಟು. ಹಿಡಿಯುವವರಿಗೆ ಒಬ್ಬೊಬ್ಬರಾಗಿ ನುಗ್ಗುವುದರಿಂದ ಪ್ರಯೋಜನವಿಲ್ಲ. ಕೈಕೈ ಹಿಡಿದು ಸರಪಳಿ ಕಟ್ಟಿದವರಿಗೇ ಜಯ. ಎಲ್ಲಕ್ಕಿಂತ ಮಿಗಿಲಾಗಿ, ಔಟಾದವನು ಆಟದಿಂದ ಶಾಶ್ವತವಾಗಿ ಹೊರಬೀಳುವುದಿಲ್ಲ. ಅವನ ಪಂಗಡದವರು ಎದುರಾಳಿಯೊಬ್ಬನನ್ನು ಔಟು ಮಾಡಿದಾಗ ಅವನು ಮರಳಿ ಒಳಗೆ ಬರುತ್ತಾನೆ. ತಪ್ಪಿದವನನ್ನು ಸಂಗಡಿಗರೇ ದುಡಿದು ಹಿಂದಕ್ಕೆ ಕರೆತರುವ ಈ ಏರ್ಪಾಡು, ಶಾಲೆಯಿಂದಲೂ ಮನೆಯಿಂದಲೂ ಪದೇ ಪದೇ ಹೊರಗೆ ನಿಲ್ಲಿಸಲ್ಪಟ್ಟ ಹುಡುಗನಿಗೆ ಬೇರೆಲ್ಲಿಯೂ ದೊರೆಯದ ಅನುಭವ. ಮೈಕೈ ತಾಗುವ ಆಟವಾದುದರಿಂದ ಜಗಳಕ್ಕೆ ಎಡೆ ಹೆಚ್ಚು ಎಂಬುದು ನಿಜ. ತೀರ್ಪುಗಾರನಿಲ್ಲದ ಕಬಡ್ಡಿ ಹೊಡೆದಾಟದಲ್ಲಿ ಮುಗಿಯುವುದನ್ನು ಯಾವ ಊರಲ್ಲಾದರೂ ಕಾಣಬಹುದು.

ಲಗೋರಿ, ಚಿನ್ನಿದಾಂಡು, ಮರಕೋತಿ, ಕೆರೆ ದಡ ಮುಂತಾದ ಬೀದಿಯ ಆಟಗಳಲ್ಲಿ ತೀರ್ಪುಗಾರನೇ ಇಲ್ಲ. ಔಟೋ ಅಲ್ಲವೋ ಎಂಬ ವಾದವನ್ನು ಆಡುವವರೇ ಬಗೆಹರಿಸಿಕೊಳ್ಳದಿದ್ದರೆ ಆಟ ಮುಂದುವರಿಯದು. ಆಟ ನಿಲ್ಲಬಾರದೆಂಬ ಆಸೆಯೇ ಇಲ್ಲಿ ರಾಜಿಗೆ ಒತ್ತಾಸೆ.

ಸಂಶೋಧನೆಯ ಸಾಕ್ಷ್ಯ

ಅಂಗಸಾಧನೆಯಿಂದ ಸದಾ ಒಳಿತೇ ಆಗುವುದೆಂಬ ಸರಳ ನಂಬಿಕೆಯನ್ನು ಅಲುಗಿಸಿದ ಅಧ್ಯಯನಗಳಲ್ಲಿ ಮೈಕೇಲ್ ಟ್ರಲ್ಸನ್ 1986ರಲ್ಲಿ ಪ್ರಕಟಿಸಿದುದು ಚಿಕ್ಕದಾದರೂ ಬಹು ಬೋಧಪ್ರದವಾದುದು. ಹದಿಹರೆಯದ 34 ಮಂದಿ ಅಪರಾಧಿ ಹುಡುಗರನ್ನು ಮೂರು ಗುಂಪುಗಳಾಗಿ ವಿಂಗಡಿಸಿ, ಒಂದಕ್ಕೆ ಧ್ಯಾನ, ಗೌರವ, ಆತ್ಮಸಂಯಮಗಳ ಬೋಧೆಯೊಡಗೂಡಿದ ಸಾಂಪ್ರದಾಯಿಕ ಟೈಕ್ವಾಂಡೋವನ್ನೂ, ಇನ್ನೊಂದಕ್ಕೆ ಹೊಡೆತ ತಡೆಗಳನ್ನು ಮಾತ್ರ ಕಲಿಸುವ ಹೊಸ ರೀತಿಯದನ್ನೂ, ಮೂರನೆಯದಕ್ಕೆ ಓಟ, ಚೆಂಡಾಟಗಳನ್ನೂ ಆರು ತಿಂಗಳು ಮಾಡಿಸಲಾಯಿತು. ಮೊದಲ ಗುಂಪಿನಲ್ಲಿ ಆಕ್ರಮಣಶೀಲತೆ ತಗ್ಗಿತು, ಎರಡನೆಯದರಲ್ಲಿ ಹೆಚ್ಚಿತು. ವರಸೆಗಳು ಅವೇ, ಬೆವರೂ ಅಷ್ಟೇ. ಜೊತೆಗೂಡಿದ ಶಿಕ್ಷಣ ಮಾತ್ರ ಬೇರೆ. ನಾರ್ವೆಯಲ್ಲಿ ಎಂಡ್ರೆಸೆನ್ ಮತ್ತು ಓಲ್ವೇಯಸ್ 477 ಹುಡುಗರನ್ನು ಎರಡು ವರ್ಷಗಳ ಕಾಲ ಅನುಸರಿಸಿ 2005ರಲ್ಲಿ ವರದಿ ಮಾಡಿದಂತೆ, ಮುಷ್ಟಿಯುದ್ಧ, ಕುಸ್ತಿ, ಭಾರ ಎತ್ತುವಿಕೆ ಮುಂತಾದ ಬಲಪ್ರಧಾನ ಕ್ರೀಡೆಗಳಿಗೆ ಸೇರಿದವರಲ್ಲಿ ಸಮಾಜವಿರೋಧಿ ವರ್ತನೆ ಏರಿತು. ಗಂಡಸುತನದ ಹೆಮ್ಮೆಯನ್ನು ಕೆರಳಿಸುವ ಸಹವಾಸ ಇದಕ್ಕೆ ಕಾರಣವಾಗಿರಬಹುದೆಂದು ಅವರು ಊಹಿಸಿದರು.

ಸಹವಾಸದ ಪಾತ್ರವನ್ನು ಎತ್ತಿ ತೋರಿಸಿದ ಇನ್ನೆರಡು ಕೃತಿಗಳನ್ನು ಹೇಳಲೇಬೇಕು. ಮಹೋನಿ ಮತ್ತು ಸ್ಟಾಟಿನ್ 2000ದಲ್ಲಿ ಸ್ವೀಡನ್ನಿನ ಹದಿನಾಲ್ಕು ವರ್ಷದ 703 ಮಂದಿಯ ಬಿಡುವಿನ ವೇಳೆಯನ್ನು ಪರಿಶೀಲಿಸಿ, ಹಿರಿಯರ ಮೇಲ್ವಿಚಾರಣೆಯೂ ಕ್ರಮವೂ ಉಳ್ಳ ಚಟುವಟಿಕೆಗಳಿಗೆ ಸೇರಿದವರಲ್ಲಿ ದುರ್ನಡತೆ ಕಡಿಮೆಯಿರುವುದನ್ನೂ, ಕ್ರಮವಿಲ್ಲದ ಯುವಕೇಂದ್ರಗಳಲ್ಲಿ ಕಾಲ ಕಳೆಯುವವರಲ್ಲಿ ಅದು ಹೆಚ್ಚಾಗಿರುವುದನ್ನೂ ಕಂಡರು. ಡಿಷಿಯನ್, ಮೆಕ್‌ಕಾರ್ಡ್ ಮತ್ತು ಪೂಲಿನ್ 1999ರಲ್ಲಿ ತೋರಿಸಿಕೊಟ್ಟಂತೆ, ತಂಟೆಕೋರ ಹುಡುಗರನ್ನೇ ಆರಿಸಿ ಒಟ್ಟುಗೂಡಿಸಿ ತಿದ್ದಹೊರಟರೆ, ಒಬ್ಬರ ಸಾಹಸಕ್ಕೆ ಇನ್ನೊಬ್ಬರು ನಕ್ಕು ಮೆಚ್ಚುವುದರಿಂದ ದುರ್ನಡತೆ ಬಲಗೊಳ್ಳುವುದುಂಟು. ಬೇಸಗೆ ಶಿಬಿರಕ್ಕೆ ಪುನಃ ಪುನಃ ಕಳುಹಿಸಲ್ಪಟ್ಟ ಹುಡುಗರ ಮುಂದಿನ ಬಾಳು, ಶಿಬಿರವನ್ನೇ ಕಾಣದವರದಕ್ಕಿಂತ ಕೆಟ್ಟಿದ್ದುದು ಒಂದು ಹಳೆಯ ಪ್ರಯೋಗದ ಕಡತಗಳಿಂದ ಹೊರಬಿತ್ತು. ಆದುದರಿಂದ ಸಮಸ್ಯೆಯುಳ್ಳ ಒಬ್ಬಿಬ್ಬರನ್ನು ಇತರ ಮಕ್ಕಳ ತಂಡದಲ್ಲಿ ಬೆರೆಸುವುದೇ ಉಚಿತವೆಂಬ ಅಭಿಪ್ರಾಯ ಇಂದು ಬಲವಾಗಿದೆ.

ಸ್ಪರ್ಧೆಯ ವಿಷಯದಲ್ಲಿ ಮುಜಾಫರ್ ಷೆರಿಫ್ 1954ರಲ್ಲಿ ಅಮೆರಿಕದ ಓಕ್ಲಹೋಮದಲ್ಲಿ 22 ಹುಡುಗರನ್ನು ಎರಡು ಪಂಗಡಗಳಾಗಿಸಿ ನಡೆಸಿದ ಶಿಬಿರ ಪ್ರಸಿದ್ಧವಾದುದು. ಬಹುಮಾನವನ್ನೊಡ್ಡಿ ಚೆಂಡಾಟ, ಹಗ್ಗಜಗ್ಗಾಟಗಳನ್ನು ಆಡಿಸಿದ ಕೆಲವೇ ದಿನಗಳಲ್ಲಿ ಪಂಗಡಗಳು ಒಂದರ ಧ್ವಜವನ್ನೊಂದು ಸುಡುವಷ್ಟು ವೈರ ತಾಳಿದುವು. ಬರಿಯ ಒಟ್ಟು ಊಟದಿಂದ ಆ ವೈರ ಶಮನವಾಗಲಿಲ್ಲ. ಕೆಟ್ಟು ನಿಂತ ಲಾರಿಯನ್ನು ಎರಡೂ ಪಂಗಡಗಳು ಕೂಡಿ, ಹಗ್ಗಜಗ್ಗಾಟಕ್ಕೆ ಬಳಸಿದ್ದ ಹಗ್ಗದಿಂದಲೇ ಎಳೆಯಬೇಕಾಗಿ ಬಂದಂಥ ಸನ್ನಿವೇಶಗಳ ಮೂಲಕ ಮಾತ್ರ ಅದು ಕ್ರಮೇಣ ಕರಗಿತು.

ಈ ಅರಿವುಗಳನ್ನು ಬಯಲಿನ ಪಾಠವಾಗಿ ಮಾರ್ಪಡಿಸಿದವರಲ್ಲಿ ಷಿಕಾಗೋ ನಗರದ ಬಡ ಬಡಾವಣೆಗಳ ಮಕ್ಕಳೊಡನೆ ದುಡಿದ ಡಾನ್ ಹೆಲಿಸನ್ ಅಗ್ರಗಣ್ಯ. ಇತರರ ಹಕ್ಕು ಹಾಗೂ ಭಾವನೆಗಳ ಗೌರವ, ಮನಸ್ಸಿಟ್ಟು ಪಾಲ್ಗೊಳ್ಳುವಿಕೆ, ತನ್ನ ಗುರಿಯನ್ನು ತಾನೇ ನಿಶ್ಚಯಿಸಿ ನಡೆಯುವಿಕೆ, ಇತರರಿಗೆ ನೆರವು ಹಾಗೂ ನಾಯಕತ್ವ, ಕಲಿತುದನ್ನು ಬಯಲಿನಾಚೆಗೆ ಕೊಂಡೊಯ್ಯುವಿಕೆ ಎಂಬ ಐದು ಮೆಟ್ಟಿಲುಗಳನ್ನು ಅವನು ಹಾಕಿಕೊಟ್ಟನು. ಪ್ರತಿ ಪಾಠದ ಕೊನೆಯಲ್ಲಿ ಮಕ್ಕಳು ಕುಳಿತು ತಮ್ಮ ನಡತೆಯನ್ನು ತಾವೇ ತೂಗಿನೋಡುವುದು ಈ ಪದ್ಧತಿಯ ಪ್ರಾಣ. ಐದನೆಯ ಮೆಟ್ಟಿಲೇ ಎಲ್ಲಕ್ಕಿಂತ ಕಡಿದಾದುದು.

ಕರ್ನಾಟಕದ ಅನುಭವವೂ ಇದನ್ನೇ ಹೇಳುತ್ತದೆ. ನಿಮ್ಹಾನ್ಸ್‌ನ ಶ್ರೀಕಲಾ ಭರತ್ ಮತ್ತು ಕಿಶೋರ್ ಕುಮಾರ್ ರೂಪಿಸಿದ ಜೀವನಕೌಶಲ ಶಿಕ್ಷಣವನ್ನು ರಾಜ್ಯದ ನಾಲ್ಕು ಜಿಲ್ಲೆಗಳ 261 ಪ್ರೌಢಶಾಲೆಗಳಲ್ಲಿ ಉಪಾಧ್ಯಾಯರ ಮೂಲಕ ನಡೆಸಿ, ಒಂದು ವರ್ಷದ ಬಳಿಕ 605 ವಿದ್ಯಾರ್ಥಿಗಳನ್ನು ಆ ಶಿಕ್ಷಣ ದೊರೆಯದ 423 ಮಂದಿಯೊಡನೆ ಹೋಲಿಸಿ ನೋಡಲಾಯಿತು. 2010ರಲ್ಲಿ ಪ್ರಕಟವಾದ ಫಲಿತಾಂಶದಂತೆ ಆತ್ಮಗೌರವ, ಕಷ್ಟವನ್ನು ನಿಭಾಯಿಸುವ ಶಕ್ತಿ, ಉಪಾಧ್ಯಾಯರೊಡನೆಯೂ ಶಾಲೆಯೊಡನೆಯೂ ಹೊಂದಾಣಿಕೆ, ಪರಹಿತದ ನಡತೆ ಇವು ಉತ್ತಮಗೊಂಡಿದ್ದುವು. ಆದರೆ ಮನೆಯವರೊಡನೆ ಮತ್ತು ಸಮವಯಸ್ಕರೊಡನೆ ಹೊಂದಾಣಿಕೆಯಲ್ಲಿ ಎರಡು ಗುಂಪುಗಳಿಗೂ ವ್ಯತ್ಯಾಸ ಕಾಣಲಿಲ್ಲ. ಅದು ಚರ್ಚೆ, ಗುಂಪುಕೆಲಸಗಳ ಮೂಲಕ ತರಗತಿಯಲ್ಲಿ ನಡೆದ ಶಿಕ್ಷಣ. ಸಮವಯಸ್ಕರೊಡನೆ ಕಲಿಯಬೇಕಾದುದಕ್ಕೆ ಸಮವಯಸ್ಕರ ನಡುವಣ ಬಯಲೂ ಬೇಕೆಂದು ಇದರಿಂದ ಊಹಿಸುವುದು ಅಸಂಗತವಾಗದು.

ಶಾಲೆಯ ಆಚರಣೆ

ಈ ದೃಷ್ಟಿಯಿಂದ ನೋಡಿದರೆ ನಾಲ್ಕು ತಾಲೂಕುಗಳಲ್ಲಿ ಸ್ಥಳದ ಅಭಾವ ಅಷ್ಟಾಗಿ ಇಲ್ಲ. ಚಿಕ್ಕಬಳ್ಳಾಪುರದ ಸರ್ ಎಂ. ವಿಶ್ವೇಶ್ವರಯ್ಯ ಕ್ರೀಡಾಂಗಣ, ಗೌರಿಬಿದನೂರಿನ ನೇತಾಜಿ ಕ್ರೀಡಾಂಗಣ, ಚಿಂತಾಮಣಿಯ ಝಾನ್ಸಿ ಕ್ರೀಡಾಂಗಣ, ಶಿಡ್ಲಘಟ್ಟದ ನೆಹರು ಕ್ರೀಡಾಂಗಣಗಳು ಊರಿನ ನಡುವೆಯೇ ಇವೆ. ಹಳ್ಳಿಗಳಲ್ಲಿ ಶಾಲೆಯ ಅಂಗಳವೂ, ಬತ್ತಿದ ಕೆರೆಯಂಗಳವೂ ಉಂಟು. ಕೊರತೆಯಿರುವುದು ಏರ್ಪಾಡಿನಲ್ಲಿ. ಇಲಾಖೆಯ ಕ್ರೀಡಾಕೂಟಗಳು ಹೋಬಳಿಯಿಂದ ತಾಲೂಕಿಗೆ, ತಾಲೂಕಿನಿಂದ ಜಿಲ್ಲೆಗೆ ಆರಿಸುತ್ತ ಏರುವುವಾದುದರಿಂದ, ಪಿ.ಟಿ. ಮೇಷ್ಟರ ಗಮನ ಸಹಜವಾಗಿಯೇ ಗೆಲ್ಲಬಲ್ಲ ಹತ್ತು ಹನ್ನೆರಡು ಮಂದಿಯ ಮೇಲೆ ನಿಲ್ಲುತ್ತದೆ. ಮಿಕ್ಕವರು ಗೆರೆಯಾಚೆಯ ಪ್ರೇಕ್ಷಕರು. ದೈಹಿಕ ಶಿಕ್ಷಕರೇ ಇಲ್ಲದ ಶಾಲೆಗಳಲ್ಲಿ ಆಟದ ಪೀರಿಯಡ್ಡು ಹೆಸರಿಗೆ ಮಾತ್ರ; ಎಸ್.ಎಸ್.ಎಲ್.ಸಿ. ತರಗತಿಯಲ್ಲಂತೂ ಅದನ್ನು ಗಣಿತಕ್ಕೋ ಇಂಗ್ಲಿಷಿಗೋ ಬಿಟ್ಟುಕೊಡುವುದು ರೂಢಿ.

ಇದಕ್ಕಿಂತಲೂ ಹೆಚ್ಚು ಕೆಡುಕನ್ನುಂಟುಮಾಡುವುದು ಶಿಕ್ಷೆಯ ಪದ್ಧತಿ. ತಂಟೆ ಮಾಡಿದವನಿಗೆ ಮೊದಲು ತಪ್ಪುವುದು ಆಟ. ಆಮೇಲೆ ದೊರೆಯುವುದು ನೂರು ಬಸ್ಕಿ ಅಥವಾ ಮೈದಾನಕ್ಕೆ ಹತ್ತು ಸುತ್ತು ಓಟ. ಹೀಗೆ ಅಂಗಸಾಧನೆಯ ಸುಖ ಕಿತ್ತುಹೋಗಿ ಅದರ ದಂಡನೆ ಮಾತ್ರ ಉಳಿಯುತ್ತದೆ. ಯಾರಿಗೆ ಸಹವಾಸದ ಅಭ್ಯಾಸ ಎಲ್ಲರಿಗಿಂತ ಅಗತ್ಯವೋ ಅವನೇ ಅದರಿಂದ ವಂಚಿತನಾಗುತ್ತಾನೆ. 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಪ್ರಕರಣ ಪ್ರಾಥಮಿಕ ಶಿಕ್ಷಣದ ಹಂತದಲ್ಲಿ ದೈಹಿಕ ದಂಡನೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದ್ದರೂ, ಬಸ್ಕಿಯನ್ನು ವ್ಯಾಯಾಮವೆಂದು ಸಮರ್ಥಿಸಿಕೊಳ್ಳುವ ವಾಡಿಕೆ ನಿಂತಿಲ್ಲ.

ಹುಡುಗಿಯರ ವಿಷಯದಲ್ಲಿ ಉಪೇಕ್ಷೆ ಇನ್ನೂ ಆಳವಾದುದು. ಅವರ ಸಂಕಟ ಹೊಡೆದಾಟವಾಗಿ ಹೊರಬೀಳುವುದಕ್ಕಿಂತ ಮೌನವಾಗಿ, ಗುಂಪಿನಿಂದ ಒಬ್ಬಳನ್ನು ಹೊರಗಿಡುವ ಒಳಜಗಳವಾಗಿ, ಊಟ ಬಿಡುವ ಹಟವಾಗಿ ತೋರುವುದು ಹೆಚ್ಚಾದುದರಿಂದ ಯಾರ ಕಣ್ಣಿಗೂ ಬೀಳದು. ಮೈನೆರೆದ ಮೇಲೆ ಬಯಲಿಗೆ ಕಳುಹಿಸದ ಮನೆಗಳು ಇನ್ನೂ ಉಂಟು. ಥ್ರೋಬಾಲ್, ಟೆನಿಕಾಯ್ಟ್, ಖೋ ಖೋಗಳು ಶಾಲೆಯ ಆವರಣದೊಳಗೆ, ಶಾಲೆಯ ವೇಳೆಯಲ್ಲಿಯೇ ನಡೆದಾಗ ಮಾತ್ರ ಅವರಲ್ಲಿ ಹೆಚ್ಚಿನವರಿಗೆ ಆಡುವ ಅವಕಾಶ ಸಿಗುತ್ತದೆ.

ಚಿಕಿತ್ಸೆಯೊಡನೆ ಸಂಬಂಧ

ಆಟವು ಚಿಕಿತ್ಸೆಗೆ ಪೂರಕವೇ ಹೊರತು ಅದರ ಸ್ಥಾನವನ್ನು ತುಂಬಲಾರದು. ಹಿಂಸೆ, ವ್ಯಸನ, ಆತ್ಮಘಾತದ ಮಾತು, ಓದಿನಲ್ಲಿ ಹಠಾತ್ತನೆ ಕುಸಿತ ಇವುಗಳಲ್ಲಿ ಯಾವುದು ಕಂಡರೂ ವೈದ್ಯರ ನೆರವು ಬೇಕು. ಇವುಗಳ ಬೆನ್ನ ಹಿಂದೆ ಕಲಿಕೆಯ ದೋಷವೋ, ಖಿನ್ನತೆಯೋ, ಮನೆಯಲ್ಲಿನ ದೌರ್ಜನ್ಯವೋ ಅಡಗಿರುವುದುಂಟು. 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯಾಗಿ ಆರಂಭವಾಗಿ 1974ರಲ್ಲಿ ಇಂದಿನ ಹೆಸರನ್ನು ಪಡೆದ ನಿಮ್ಹಾನ್ಸ್‌ನಲ್ಲಿ ಮಕ್ಕಳ ಹಾಗೂ ಕಿಶೋರರ ಮನೋವೈದ್ಯ ವಿಭಾಗವಿದೆ. ಚಿಕ್ಕಬಳ್ಳಾಪುರದಿಂದ ಅದು ಸುಮಾರು 60 ಕಿಲೋಮೀಟರು. ಅಷ್ಟು ದೂರ ಹೋಗಲಾರದವರಿಗಾಗಿ ತಾಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರು ಬರುವ ಮನೋಚೈತನ್ಯ ಯೋಜನೆಯನ್ನು ರಾಜ್ಯ ಸರ್ಕಾರ ಹಾಕಿಕೊಂಡಿದೆ. 2014ರಲ್ಲಿ ಆರಂಭವಾದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮದಡಿ ಸ್ನೇಹ ಕ್ಲಿನಿಕ್ಕುಗಳೂ, 2022ರಿಂದ 14416 ಸಂಖ್ಯೆಯ ಟೆಲಿ ಮಾನಸ್ ಸೇವೆಯೂ ಇವೆ. ಶಾಲೆಯಲ್ಲಿ ಮಗುವಿನ ಒಡನಾಟವನ್ನು ಹತ್ತಿರದಿಂದ ನೋಡುವವನು ಪಿ.ಟಿ. ಮೇಷ್ಟರಾದುದರಿಂದ, ಇಂಥ ಲಕ್ಷಣಗಳನ್ನು ಮೊದಲು ಗುರುತಿಸಿ ತಿಳಿಸಬಲ್ಲವನೂ ಅವನೇ.

ಫಲವನ್ನು ಅಳೆಯುವ ಬಗೆ

ಮೇಲಿನ ವಿವೇಚನೆಯಿಂದ ಕೆಲವು ಸೂತ್ರಗಳು ಹೊರಡುತ್ತವೆ. ತಂಡ ಚಿಕ್ಕದಿರಬೇಕು, ಮಿಶ್ರವಾಗಿರಬೇಕು. ಸಮಸ್ಯೆಯುಳ್ಳವರದೇ ಬೇರೆ ಗುಂಪು ಕಟ್ಟಬಾರದು. ತೀರ್ಪುಗಾರಿಕೆ, ಅಂಕಗಣನೆ, ಸಾಮಗ್ರಿಯ ಕಾವಲು ಮುಂತಾದ ಹೊಣೆಗಳು ತಂಟೆಕೋರನೆನಿಸಿದವನಿಗೂ ಸರದಿಯಂತೆ ಸಿಗಬೇಕು. ನಿಯಮವನ್ನು ಮುರಿಯುವವನಿಗೆ ನಿಯಮವನ್ನು ಕಾಯುವ ಕೆಲಸ ಕೊಟ್ಟಾಗ ಅದರ ಅಗತ್ಯ ಅವನಿಗೆ ಒಳಗಿನಿಂದ ತಿಳಿಯುತ್ತದೆ. ಪಂಗಡಗಳನ್ನು ಜಾತಿ, ಕೇರಿ, ಭಾಷೆಗಳ ಮೇಲೆ ಕಟ್ಟದೆ ವಾರವಾರವೂ ಬದಲಿಸುತ್ತಿರಬೇಕು. ಆಟ ಮುಗಿದ ಮೇಲೆ ಐದು ನಿಮಿಷ ಕುಳಿತು, ಯಾರು ಯಾರಿಗೆ ಹೇಗೆ ನೆರವಾದರೆಂದು ಮಕ್ಕಳೇ ಹೇಳಬೇಕು. ಆಟವನ್ನು ಶಿಕ್ಷೆಯಾಗಿ ಕೊಡಲೂಬಾರದು, ಶಿಕ್ಷೆಯೆಂದು ಕಸಿಯಲೂಬಾರದು. ಇವುಗಳಿಗೆ ಅನುದಾನವಾಗಲಿ ಹೊಸ ಕಟ್ಟಡವಾಗಲಿ ಬೇಕಿಲ್ಲ. ವೇಳಾಪಟ್ಟಿಯಲ್ಲಿ ಬರೆದಿರುವ ಪೀರಿಯಡ್ಡನ್ನು ಪ್ರಾಮಾಣಿಕವಾಗಿ ನಡೆಸಿದರೆ ಸಾಕು.

ಆದರೆ ಫಲವನ್ನು ಬಯಲಿನಲ್ಲಿಯೇ ಅಳೆದು ತೃಪ್ತಿಪಡುವುದು ಸಲ್ಲದು. ಖೋ ಖೋದಲ್ಲಿ ಸರದಿ ಕಾಯಲು ಕಲಿತವನು ಬಿಸಿಯೂಟದ ಸಾಲಿನಲ್ಲಿಯೂ ಕಾಯುತ್ತಾನೆಯೇ, ತೀರ್ಪುಗಾರನ ಮಾತಿಗೆ ತಲೆಬಾಗಿದವನು ಮನೆಯಲ್ಲಿ ತಾಯಿಯ ಮಾತಿಗೆ ಸಿಡಿಮಿಡಿಗೊಳ್ಳದೆ ಉತ್ತರಿಸುತ್ತಾನೆಯೇ ಎಂಬುದನ್ನು ತರಗತಿಯ ಉಪಾಧ್ಯಾಯರಿಂದಲೂ ಹೆತ್ತವರಿಂದಲೂ ತಿಂಗಳಿಗೊಮ್ಮೆಯಾದರೂ ಕೇಳಿ ತಿಳಿಯಬೇಕು. ಆ ಎರಡು ಕಡೆಗಳಲ್ಲಿ ಬದಲಾವಣೆ ಕಾಣದಿದ್ದರೆ, ಹುಡುಗನನ್ನು ದೂರುವುದಕ್ಕೆ ಮೊದಲು ಆಟವನ್ನು ನಡೆಸಿದ ಕ್ರಮವನ್ನು ಪರೀಕ್ಷಿಸಿಕೊಳ್ಳುವುದು ಶಾಲೆಯ ಕರ್ತವ್ಯ.